ಫಲ ಮೊದಲು, ಪುಷ್ಪ ಆಮೇಲೆ

ಬೆಂಗಳೂರಲ್ಲಿ ಒಂದು ಪಂಗಡ ಇದೆ. ಲಾಲ್‌ಬಾಗ್ ಅಂದ್ರೆ ಪ್ರಾಣ ಬಿಡ್ತಾರೆ, ಬೆಳಗ್ಗೆ ಬೆಳಗ್ಗೇನೇ ವಾಕಿಂಗ್ ಹೋಗ್ತಾರೆ. ಆದರೆ ಜನವರಿ, ಆಗಸ್ಟ್‌ನ ಫ್ಲವರ್ ಶೋ ಶುರುವಾಯ್ತು ಅಂದ್ರೆ ಆ ಕಡೆ ತಲೆ ಹಾಕಲ್ಲ. "ಸಸ್ಯತೋಟಾನ ಜಾತ್ರೆ ಮಾಡಿಟ್ಟಿದ್ದಾರೆ ಕಣ್ರೀ" ಅನ್ನೋದು ಅವರ ದೂರು. 2022ರ ಆಗಸ್ಟ್‌ನಲ್ಲಿ ಗಾಜಿನ ಮನೆಯೊಳಗೆ ಡಾ. ರಾಜ್‌ಕುಮಾರ್ ಅವರ ಗಾಜನೂರಿನ ಮನೆಯನ್ನ ಹೂವಲ್ಲಿ ಕಟ್ಟಿದ್ದರಲ್ಲ, ಆಗಂತೂ ಈ ಗೊಣಗಾಟ ಜೋರಾಗಿತ್ತು. ಆಫೀಸಿನಲ್ಲಿ ಒಬ್ಬರು ನನ್ನನ್ನೇ ಕೇಳಿದರು: "ಬಟಾನಿಕಲ್ ಗಾರ್ಡನ್‌ಗೂ ಸಿನಿಮಾ ಹೀರೋ ಮನೆಗೂ ಏನ್ರೀ ಸಂಬಂಧ?"

ಪ್ರಶ್ನೆ ಸರಿಯಾಗೇ ಇದೆ. ಉತ್ತರ ಸ್ವಲ್ಪ ಹಿಂದಿನಿಂದ ಶುರುವಾಗುತ್ತೆ.

ಹೈದರಾಲಿ 1760ರಲ್ಲಿ ಸುಮಾರು 40 ಎಕರೆಯಲ್ಲಿ ಈ ತೋಟ ಹಾಕಿಸಿದ. ಮನಸ್ಸಲ್ಲಿದ್ದ ಮಾದರಿ ಶಿರಾದ ಮೊಘಲ್ ತೋಟ. ಟಿಪ್ಪು ದೇಶವಿದೇಶದಿಂದ ಬೀಜ, ಸಸಿ ತರಿಸಿದ. ಇಲ್ಲಿವರೆಗೂ ಇದು ಅರಸರ ತೋಟ, ಊರ ಜನಕ್ಕಲ್ಲ. 1799ರ ನಂತರ ಬ್ರಿಟಿಷರ ಕೈಗೆ ಬಂದ ಮೇಲೆ ಇದನ್ನ ಏನು ಮಾಡಬೇಕು ಅಂತ ಅವರಿಗೇ ಬಹಳ ಕಾಲ ಗೊತ್ತಾಗಲಿಲ್ಲ. ಸ್ವಲ್ಪ ದಿನ ಕಲ್ಕತ್ತಾದ ತೋಟದ ಅಧೀನದಲ್ಲಿತ್ತು. 1836ರಲ್ಲಿ ಒಂದು ಕೃಷಿ-ತೋಟಗಾರಿಕೆ ಸಂಘಕ್ಕೆ ಕೊಟ್ಟರು, ಆ ಸಂಘವೇ 1842ರಲ್ಲಿ ಮುಚ್ಚಿಹೋಯ್ತು. ಲಾಲ್‌ಬಾಗ್ ಹಾಳುಬಿದ್ದು ಹೋಗೋಕೆ ಎಲ್ಲ ಸಾಧ್ಯತೆಯೂ ಇದ್ದ ಕಾಲ ಅದು. ಸರ್ಕಾರಿ ಸಸ್ಯೋದ್ಯಾನ ಅಂತ ಆಗಿದ್ದು 1856ರಲ್ಲಿ, ಮದ್ರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗಾರ್ನ್ ಅವರ ಸಲಹೆ ಮೇರೆಗೆ. ಎರಡು ವರ್ಷಕ್ಕೆ ಲಂಡನ್ನಿನ ಕ್ಯೂ ಗಾರ್ಡನ್ಸ್‌ನಿಂದ ವಿಲಿಯಂ ನ್ಯೂ ಬಂದರು.

ನನಗೆ ಇಷ್ಟವಾದ ಮನುಷ್ಯ ಅಂದ್ರೆ ಅವರ ನಂತರ ಬಂದ ಜಾನ್ ಕ್ಯಾಮರಾನ್. 1874ರಿಂದ 1908ರವರೆಗೆ, ಮೂವತ್ತನಾಲ್ಕು ವರ್ಷ ಒಂದೇ ಕಡೆ ಕೆಲಸ. ನಮ್ಮ ಕಾಲದಲ್ಲಿ ಲಿಂಕ್ಡ್‌ಇನ್‌ನಲ್ಲಿ ಹಾಕಿದ್ರೆ ಜನ ಅನುಮಾನ ಪಡ್ತಾರೆ! ಹೊರದೇಶದ ಬೆಳೆ ತರಿಸಿ, ಇಲ್ಲಿನ ಮಣ್ಣಿಗೆ ಒಗ್ಗುತ್ತಾ ನೋಡಿ, ಒಗ್ಗಿದ್ದನ್ನ ರೈತರಿಗೆ ಹಂಚೋದು ಅವರ ಮುಖ್ಯ ಕೆಲಸ. ಸೀಮೆಬದನೆಕಾಯಿಯನ್ನ ಬೆಂಗಳೂರಿಗೆ ತಂದಿದ್ದು ಅವರೇ ಅಂತ ಹೇಳ್ತಾರೆ. ತಮಾಷೆ ನೋಡಿ, ನಾವು ಅದನ್ನ 'ಸೀಮೆ'ದು ಅಂತೀವಿ, ಪಕ್ಕದ ತಮಿಳರು, ತೆಲುಗರು 'ಬೆಂಗಳೂರು ಬದನೆ' ಅಂತಾರೆ.

ಆದರೆ ಹೊಸ ತರಕಾರಿ ಬಂದಿದೆ ಅಂತ ಜನಕ್ಕೆ ತಿಳಿಸೋದು ಹೇಗೆ? ಪೇಪರ್ ಓದೋರು ಎಷ್ಟು ಮಂದಿ ಇದ್ದರು ಆಗ? ಅದಕ್ಕೆ ದಾರಿ ಪ್ರದರ್ಶನ. ಬೆಳೆದವರು ತಮ್ಮ ಹಣ್ಣು, ತರಕಾರಿ, ಹೂವು ತಂದಿಡಬೇಕು, ಚೆನ್ನಾಗಿದ್ದದ್ದಕ್ಕೆ ಬಹುಮಾನ. ನೋಡೋಕೆ ಬಂದವರು ಬೀಜ ಕೇಳ್ತಾರೆ. 'ಫಲಪುಷ್ಪ ಪ್ರದರ್ಶನ' ಅನ್ನೋ ಹೆಸರಲ್ಲೇ ಇದೆಯಲ್ಲ, ಫಲ ಮೊದಲು, ಪುಷ್ಪ ಆಮೇಲೆ. ಸೆಲ್ಫಿ ಕಾಲದಲ್ಲಿ ನಾವು ಕ್ರಮ ತಿರುಗಿಸಿದ್ದೀವಿ, ಅಷ್ಟೇ.

ಈ ಪ್ರದರ್ಶನಕ್ಕೆ ಒಂದು ಸೂರು ಬೇಕು ಅಂತಲೇ ಗಾಜಿನ ಮನೆ ಕಟ್ಟಿದ್ದು. 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಎರಕದ ಕಬ್ಬಿಣ ಗ್ಲಾಸ್ಗೋದ ಸರಸೆನ್ ಫೌಂಡ್ರಿಯಿಂದ ಬಂತು. 1935ರಲ್ಲಿ, ಎಚ್.ಸಿ. ಜವರಾಯ ಅವರ ಕಾಲದಲ್ಲಿ, ಅದನ್ನ ವಿಸ್ತರಿಸಿದಾಗ ಬಳಸಿದ್ದು ನಮ್ಮ ಭದ್ರಾವತಿ ಉಕ್ಕು. ಇಂಗ್ಲೆಂಡಿನ ಗಾಜಿನ ಮನೆಗಳು ಚಳಿಯಿಂದ ಗಿಡ ಕಾಪಾಡೋಕೆ ಇರೋದು. ಬೆಂಗಳೂರಲ್ಲಿ ಅಂಥ ಚಳಿ ಎಲ್ಲಿದೆ? ಇಲ್ಲಿ ಅದು ಮೊದಲಿಂದಲೂ ಜನ ಸೇರೋಕೆ ಅಂತ ಇದ್ದ ಜಾಗ. 1951ರಲ್ಲಿ ಎಐಸಿಸಿ ಅಧಿವೇಶನ ನಡೆದಿದ್ದೂ ಅಲ್ಲೇ. 1955ರಲ್ಲಿ ಕ್ರುಶ್ಚೇವ್, 1961ರಲ್ಲಿ ಎಲಿಜಬೆತ್ ರಾಣಿ ಲಾಲ್‌ಬಾಗ್‌ಗೆ ಬಂದು ಗಿಡ ನೆಟ್ಟು ಹೋದರು. ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ವಾದ್ಯ ನುಡಿಸೋ ರೂಢಿ ಇತ್ತು. ಹುಲಿ, ಕರಡಿ ಇದ್ದ ಸಣ್ಣ ಮೃಗಾಲಯವೂ ಒಂದು ಕಾಲಕ್ಕೆ ಇತ್ತು, ಈಗ ಪಾರಿವಾಳದ ಗೂಡು ಮಾತ್ರ ಉಳಿದಿದೆ. ಅಂದ್ರೆ ಹೆಂಡತಿ ಮಕ್ಕಳನ್ನ ಕಟ್ಟಿಕೊಂಡು, ಬುತ್ತಿ ಹಿಡ್ಕೊಂಡು, ವಾದ್ಯ ಕೇಳಿ ಹುಲಿ ನೋಡಿ ಬರೋ ಸಂಸಾರಗಳಿಗೆ ಅಂತಲೇ ಈ ಸಸ್ಯೋದ್ಯಾನ ನೂರು ವರ್ಷದ ಹಿಂದೆಯೇ ತನ್ನನ್ನ ಸಜ್ಜು ಮಾಡಿಕೊಂಡಿತ್ತು.

ಇದಕ್ಕೆ ಎದುರು ಕಥೆಯೊಂದಿದೆ. ಅದೇ ತೋಟದಲ್ಲಿ ಉಪನ್ಯಾಸಕ್ಕೆ ಅಂತ 19ನೇ ಶತಮಾನದಲ್ಲಿ ಕಟ್ಟಿದ ಹಾಲ್ ಇತ್ತು. ಆಮೇಲೆ ಅದಕ್ಕೆ ಕ್ರುಂಬಿಗಲ್ ಅವರ ಹೆಸರು ಇಟ್ಟರು. ಕ್ಯಾಮರಾನ್ ನಂತರ 1908ರಿಂದ 1932ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜರ್ಮನ್ ಅವರು. ಒಂದು ಮರದ ಹೂವು ಉದುರೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದ ಪುಣ್ಯಾತ್ಮ. ಆ ಹಾಲ್‌ಗೆ ಫ್ಲವರ್ ಶೋ ಬರಲಿಲ್ಲ, ಜನವೂ ಬರಲಿಲ್ಲ. ವರ್ಷಗಟ್ಟಲೆ ಶಿಥಿಲವಾಗಿ ನಿಂತಿದ್ದು 2017ರಲ್ಲಿ ಕುಸಿದುಬಿತ್ತು. ಗಾಜಿನ ಮನೆಯ ಒಂದು ಗಾಜು ಒಡೆದರೂ ಪೇಪರಿನಲ್ಲಿ ಫೋಟೋ ಬರುತ್ತೆ. ಜಾತ್ರೆ ಬೇಡ, ಬರೀ ವಿಜ್ಞಾನ ಸಾಕು ಅನ್ನೋರು ಈ ಎರಡು ಕಟ್ಟಡ ಒಟ್ಟಿಗೆ ಇಟ್ಟು ನೋಡಬೇಕು ಅಂತ ನನ್ನ ವಾದ.

ಜನ ಬಂದರೆ ಎಲ್ಲ ಉಳಿಯುತ್ತೆ ಅಂತಲೂ ಹೇಳೋಕಾಗಲ್ಲ ಬಿಡಿ. 2009ರಲ್ಲಿ ಮೆಟ್ರೋಗಾಗಿ ಆರ್.ವಿ. ರಸ್ತೆ ಕಡೆಯ ಗೋಡೆ ಒಡೆದು ಮರ ಕಡಿದಾಗ ಪ್ರತಿಭಟನೆ ಚೆನ್ನಾಗೇ ನಡೀತು. ದಿನಾ ವಾಕಿಂಗ್ ಮಾಡೋರೂ ಅದರಲ್ಲಿದ್ದರು, ಅದನ್ನ ಒಪ್ಪಬೇಕು. ಜಾಗ ಹೋಗೇ ಹೋಯ್ತು.

ಗಾಜನೂರಿನ ಮನೆ ನೋಡೋಕೆ ನಾನೂ ಅಮ್ಮನನ್ನ, ಮಗಳನ್ನ ಕರ್ಕೊಂಡು ಹೋಗಿದ್ದೆ. ಪುನೀತ್ ಹೋಗಿ ವರ್ಷವೂ ಆಗಿರಲಿಲ್ಲ. ಸಾಲಿನಲ್ಲಿ ಮುಂದಿದ್ದ ಹೆಂಗಸೊಬ್ಬರು ಅಪ್ಪು ಚಿತ್ರಕ್ಕೆ ಕೈ ಮುಗಿದು, ಕಣ್ಣೊರೆಸಿಕೊಂಡು, ಮರುಕ್ಷಣ ಸೇವಂತಿಗೆ ಕುಂಡದ ಕಡೆ ಬಗ್ಗಿ, "ಇದಕ್ಕೆ ಏನು ಗೊಬ್ಬರ ಹಾಕ್ತಾರಮ್ಮಾ?" ಅಂತ ನಮ್ಮಮ್ಮನನ್ನ ಕೇಳಿದರು. ಅಮ್ಮನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ, ಹತ್ತು ನಿಮಿಷ ಪಾಠ ಆಯ್ತು. ಹೊರಗೆ ಡೊಳ್ಳಿನ ಸದ್ದು ಕೇಳಿ ಮಗಳು ಓಡಿದಳು. ಅವಳನ್ನ ಹಿಡಿಯೋಕೆ ಹೋಗಿ ನಾವು ಬಂಡೆ ಹತ್ತಿದ್ದಾಯ್ತು. "ಈ ಬಂಡೆಗೆ ಎಷ್ಟು ವಯಸ್ಸಪ್ಪಾ?" ಅಂದಳು. ಮುನ್ನೂರು ಕೋಟಿ ವರ್ಷ ಅಂದೆ. "ಅಜ್ಜಿಗಿಂತ ದೊಡ್ಡದಾ?" ಅಜ್ಜಿ ಗದರಲಿಲ್ಲ, ಗಿಡ ಮಾರೋ ಮಳಿಗೆ ಎಲ್ಲಿದೆ ಅಂತ ಮೇಲಿಂದಲೇ ಹುಡುಕ್ತಾ ಇದ್ದರು.

ಮಳಿಗೆ ಮುಂದೆ ಜನ ತುಂಬಿಕೊಂಡಿದ್ದರು. ಕರಿಬೇವು, ನಿಂಬೆ, ದಾಸವಾಳ. ಚೌಕಾಸಿ ನಡೆಯಲ್ಲ ಅಂದರೂ ಅಮ್ಮ ಬಿಡಲಿಲ್ಲ. ವಾಪಸ್ ಹೊರಟಿದ್ದು ಲಾಲ್‌ಬಾಗ್ ಸ್ಟೇಷನ್‌ನಿಂದ, ಅದೇ ಮೆಟ್ರೋದಲ್ಲಿ. ಅಮ್ಮನ ತೊಡೆ ಮೇಲೆ ಒಂದು ಕರಿಬೇವು, ಮಗಳ ಕೈಲಿ ಒಂದು ನಿಂಬೆಗಿಡ, ಮುಳ್ಳು ಚುಚ್ಚುತ್ತೆ ಅಂತ ಪಕ್ಕದವರು ಸ್ವಲ್ಪ ಸರಿದು ಕೂತರು.