ದೃಷ್ಟಿಹೀನರ ಬಳಕೆಗೆ ಪದಸಂಸ್ಕರಣ ತಂತ್ರಾಂಶದ ಆಯ್ಕೆ

ಬರಹವನ್ನು ಗಣಕದಲ್ಲಿ ಮೂಡಿಸಿ, ತಿದ್ದಿ, ಓರಣಗೊಳಿಸಿ, ಮುದ್ರಣಕ್ಕೋ ರವಾನೆಗೋ ಸಿದ್ಧಪಡಿಸುವ ಸಾಧನವೇ ಪದಸಂಸ್ಕರಣ ತಂತ್ರಾಂಶ ಅಥವಾ ವರ್ಡ್ ಪ್ರೊಸೆಸರ್. ದೃಷ್ಟಿಹೀನರು ಇದನ್ನು ಮೌಸ್ ಇಲ್ಲದೆ ಕೀಲಿಮಣೆಯಿಂದಲೇ ನಡೆಸುತ್ತಾರೆ. ತೆರೆಯ ಮೇಲಿರುವುದನ್ನು ಸ್ಕ್ರೀನ್ ರೀಡರ್ ಎಂಬ ಇನ್ನೊಂದು ತಂತ್ರಾಂಶ ಧ್ವನಿಯಾಗಿಯೋ ಬ್ರೈಲ್ ಚುಕ್ಕಿಗಳಾಗಿಯೋ ಅವರಿಗೆ ತಲುಪಿಸುತ್ತದೆ. ಆದ್ದರಿಂದ ಅವರು ಆರಿಸಿಕೊಳ್ಳಬೇಕಾದದ್ದು ಒಂದು ಜೋಡಿಯನ್ನು: ಬರೆಯುವ ತಂತ್ರಾಂಶ ಮತ್ತು ಅದನ್ನು ಓದಿ ಹೇಳುವ ತಂತ್ರಾಂಶ. ಇವೆರಡರ ಹೊಂದಾಣಿಕೆ ಚೆನ್ನಾಗಿದ್ದರೆ ಅರ್ಜಿ, ಪ್ರಬಂಧ, ಕಚೇರಿ ಟಿಪ್ಪಣಿ, ಪುಸ್ತಕದ ಹಸ್ತಪ್ರತಿ ಯಾವುದನ್ನಾದರೂ ಇನ್ನೊಬ್ಬರ ಕಣ್ಣಿಗೆ ಕಾಯದೆ ಸಿದ್ಧಪಡಿಸಬಹುದು.

ಇತಿಹಾಸ

1980ರ ದಶಕದ ಡಾಸ್ ಗಣಕಗಳ ತೆರೆಯಲ್ಲಿ ಇದ್ದದ್ದು ಅಕ್ಷರಗಳು ಮಾತ್ರ. ಸಾಲಿಗೆ 80 ಅಕ್ಷರದಂತೆ 25 ಸಾಲು. ಅಷ್ಟನ್ನು ಗಣಕದ ಸ್ಮೃತಿಯಿಂದ ನೇರವಾಗಿ ಎತ್ತಿ ಓದುವುದು ಸ್ಕ್ರೀನ್ ರೀಡರ್‌ಗೆ ಕಷ್ಟವಿರಲಿಲ್ಲ. ಆ ಕಾಲದ ದೃಷ್ಟಿಹೀನ ಬರಹಗಾರರು ವರ್ಡ್‌ಪರ್ಫೆಕ್ಟ್ 5.1 ಆವೃತ್ತಿಯನ್ನು ಬಹಳವಾಗಿ ಮೆಚ್ಚಿದ್ದರು. 1989ರಲ್ಲಿ ಬಂದ ಈ ತಂತ್ರಾಂಶದ ತೆರೆ ಬಹುತೇಕ ಖಾಲಿಯಾಗಿದ್ದು, ಬರಹವನ್ನು ಬಿಟ್ಟರೆ ಕಿವಿಗೆ ಬೀಳುವಂಥದ್ದು ಹೆಚ್ಚೇನೂ ಇರಲಿಲ್ಲ. ದಪ್ಪಕ್ಷರ ಎಲ್ಲಿ ಶುರುವಾಯಿತು, ಅಡಿಗೆರೆ ಎಲ್ಲಿ ಮುಗಿಯಿತು ಎಂಬ ಗುಟ್ಟಿನ ಸಂಕೇತಗಳನ್ನು ಒಂದೇ ಕೀಲಿ ಒತ್ತಿ ಬಯಲಿಗೆ ತರುವ ಸೌಲಭ್ಯವೂ ಅದರಲ್ಲಿತ್ತು.

1978ರ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಅಮೆರಿಕದ ಮೋಟಾರ್‌ಸೈಕಲ್ ಪಂದ್ಯಪಟು ಟೆಡ್ ಹೆಂಟರ್ ಮುಂದೆ ತಂತ್ರಾಂಶ ರಚನೆಯತ್ತ ಹೊರಳಿದರು. ಅವರ ಸಂಸ್ಥೆ 1989ರಲ್ಲಿ ಡಾಸ್‌ಗಾಗಿ ಜಾಸ್ ಎಂಬ ಸ್ಕ್ರೀನ್ ರೀಡರ್ ಹೊರತಂದಿತು. ವಿಂಡೋಸ್ ಬಂದಾಗ ತೆರೆ ಪೂರ್ತಿ ಚಿತ್ರಮಯವಾಗಿ, ಹಳೆಯ ಓದುವ ವಿಧಾನ ಕೆಲಸಕ್ಕೆ ಬಾರದಾಯಿತು. ದೃಷ್ಟಿಹೀನ ನೌಕರರು ಕೈಯಲ್ಲಿದ್ದ ಕೆಲಸವನ್ನೇ ಕಳೆದುಕೊಳ್ಳುವ ಭೀತಿ ಎದುರಾದ ದಿನಗಳವು. 1995ರಲ್ಲಿ ವಿಂಡೋಸ್‌ಗಾಗಿ ಜಾಸ್ ಬಂತು. 1997ರಲ್ಲಿ ಮೈಕ್ರೋಸಾಫ್ಟ್, ಗುಂಡಿ, ಪಟ್ಟಿ, ಕಿಟಕಿಗಳ ಹೆಸರು ಮತ್ತು ಸ್ಥಿತಿಯನ್ನು ತಂತ್ರಾಂಶವೇ ಸ್ಕ್ರೀನ್ ರೀಡರ್‌ಗೆ ತಿಳಿಸುವ ವ್ಯವಸ್ಥೆಯನ್ನು ರೂಪಿಸಿತು. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರನ್, ಸ್ವತಃ ದೃಷ್ಟಿಹೀನರು, ಎನ್‌ವಿಡಿಎ ಎಂಬ ಉಚಿತ, ಮುಕ್ತ ಸ್ಕ್ರೀನ್ ರೀಡರ್ ಬರೆಯತೊಡಗಿದರು. ಜಾಸ್ ಪರವಾನಗಿಯ ಬೆಲೆ ಭರಿಸಲಾಗದ ದೇಶಗಳಲ್ಲಿ ಸಾವಿರಾರು ವಿದ್ಯಾರ್ಥಿಗಳಿಗೆ ಗಣಕದ ಬಾಗಿಲು ತೆರೆದದ್ದು ಎನ್‌ವಿಡಿಎ.

ಕೆಲಸ ಮಾಡುವ ಬಗೆ

ಸ್ಕ್ರೀನ್ ರೀಡರ್ ತೆರೆಯ ಚಿತ್ರವನ್ನು ನೋಡಿ ಊಹಿಸುವುದಿಲ್ಲ. ತಂತ್ರಾಂಶವನ್ನು ಪ್ರಶ್ನಿಸಿ ಉತ್ತರ ಪಡೆಯುತ್ತದೆ. ತೆರೆಸೂಚಿ ಯಾವ ಅಕ್ಷರದ ಮೇಲಿದೆ, ಆ ಸಾಲು ಶೀರ್ಷಿಕೆಯೋ ಸಾಮಾನ್ಯ ಪಠ್ಯವೋ, ಕೋಷ್ಟಕದ ಎಷ್ಟನೆಯ ಅಡ್ಡಸಾಲಿನ ಎಷ್ಟನೆಯ ಕಂಬ, ಈ ಪದದಲ್ಲಿ ಕಾಗುಣಿತ ದೋಷವಿದೆಯೇ ಎಂಬ ಪ್ರಶ್ನೆಗಳಿಗೆ ತಂತ್ರಾಂಶ ನಿಜವಾದ ಉತ್ತರ ಕೊಟ್ಟರೆ ಅದು ಬಳಕೆಗೆ ಯೋಗ್ಯ. ನೋಡಲು ಅಂದವಾಗಿದ್ದೂ ಈ ಪ್ರಶ್ನೆಗಳಿಗೆ ಮೌನವಾಗುವ ತಂತ್ರಾಂಶ ದೃಷ್ಟಿಹೀನರ ಪಾಲಿಗೆ ಇಲ್ಲದಂತೆಯೇ. ತಂತ್ರಾಂಶ ಮತ್ತು ಸ್ಕ್ರೀನ್ ರೀಡರ್‌ಗಳ ನಡುವಿನ ಈ ಮಾತುಕತೆಗೆ ವಿಂಡೋಸ್, ಮ್ಯಾಕ್, ಲಿನಕ್ಸ್ ಪ್ರತಿಯೊಂದರಲ್ಲೂ ಬೇರೆಬೇರೆ ಏರ್ಪಾಡುಗಳಿವೆ. ಹೀಗಾಗಿ ಒಂದೇ ಹೆಸರಿನ ತಂತ್ರಾಂಶ ಒಂದು ವ್ಯವಸ್ಥೆಯಲ್ಲಿ ಸಲೀಸಾಗಿಯೂ ಇನ್ನೊಂದರಲ್ಲಿ ತೊಡಕಾಗಿಯೂ ನಡೆಯಬಹುದು.

ಆಯ್ಕೆಯ ಅಳತೆಗೋಲುಗಳು

ಮೊದಲನೆಯದು ಕೀಲಿಮಣೆ. ಪ್ರತಿಯೊಂದು ಆದೇಶಕ್ಕೂ ಮೌಸ್ ಇಲ್ಲದೆ ದಾರಿ ಇರಬೇಕು. ಎರಡನೆಯದು ವಿನ್ಯಾಸದ ಅರಿವು. ಅಕ್ಷರದ ಗಾತ್ರ, ಬಣ್ಣ, ಅಂಚು, ಸಾಲಿನ ಅಂತರ ಏನಿದೆ ಎಂದು ಕೇಳಿ ತಿಳಿಯಲು ಆಗಬೇಕು. ತಾನು ಸಲ್ಲಿಸುವ ಕಾಗದ ನೋಡುವವರಿಗೆ ಹೇಗೆ ಕಾಣುತ್ತದೆ ಎಂಬ ಭರವಸೆ ಬರಹಗಾರನಿಗೆ ಸಿಗುವುದು ಇದರಿಂದ. ಮೂರನೆಯದು ರಚನೆಯಲ್ಲಿ ಓಡಾಟ. ನೂರು ಪುಟದ ದಾಖಲೆಯಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಲು ಬಾರದಿದ್ದರೆ ಬಾಣದ ಕೀಲಿಯೊಂದೇ ಗತಿ. ನಾಲ್ಕನೆಯದು ಸಹಬರಹ. ಮಾರ್ಗದರ್ಶಕರು ಅಥವಾ ಸಂಪಾದಕರು ಅಂಚಿನಲ್ಲಿ ಬರೆದ ಟಿಪ್ಪಣಿ ಮತ್ತು ಮಾಡಿದ ತಿದ್ದುಪಡಿ ಸ್ಪಷ್ಟವಾಗಿ ಕೇಳಿಸಬೇಕು. ಐದನೆಯದು ಕಡತದ ರೂಪ; ಕಳಿಸಿದ್ದು ಅತ್ತ ಕಡೆಯೂ ಹಾಗೆಯೇ ತೆರೆದುಕೊಳ್ಳಬೇಕು. ಬೆಲೆ, ಅಂತರಜಾಲದ ಅವಲಂಬನೆ, ಹಳೆಯ ಗಣಕದಲ್ಲೂ ಓಡುವ ಹಗುರತನ ಇವು ಉಳಿದವು.

ಪ್ರಮುಖ ತಂತ್ರಾಂಶಗಳು

ಮೈಕ್ರೋಸಾಫ್ಟ್ ವರ್ಡ್: ವಿಂಡೋಸ್‌ನಲ್ಲಿ ಜಾಸ್ ಮತ್ತು ಎನ್‌ವಿಡಿಎ ಎರಡೂ ಅತಿ ಹೆಚ್ಚು ಶ್ರಮ ಹಾಕಿರುವುದು ಇದರ ಮೇಲೆ. 2007ರಲ್ಲಿ ಪಟ್ಟಿಗಳ ಬದಲು ರಿಬ್ಬನ್ ಬಂದಾಗ ಹಳೆಯ ಬಳಕೆದಾರರು ಮತ್ತೆ ಕಲಿಯಬೇಕಾಯಿತು. ಆದರೂ ಆಲ್ಟ್ ಒತ್ತಿದೊಡನೆ ಪ್ರತಿ ಗುಂಡಿಗೂ ಅಕ್ಷರ ಹೊಂದಿಸುವ ಕ್ರಮದಿಂದ ಕೀಲಿಮಣೆಯ ದಾರಿ ಉಳಿಯಿತು. ಕಂಟ್ರೋಲ್, ಆಲ್ಟ್ ಜೊತೆ 1, 2 ಅಥವಾ 3 ಒತ್ತಿದರೆ ಆ ಮಟ್ಟದ ಶೀರ್ಷಿಕೆ ಮೂಡುತ್ತದೆ. ಎನ್‌ವಿಡಿಎ ಆದೇಶಗಳಿಗೆ ಗೊತ್ತುಪಡಿಸಿದ ‘ಎನ್‌ವಿಡಿಎ ಕೀಲಿ’ಯೊಂದಿಗೆ ಎಫ್ ಒತ್ತಿದರೆ ತೆರೆಸೂಚಿ ಇರುವೆಡೆಯ ವಿನ್ಯಾಸ, ಎಫ್7 ಒತ್ತಿದರೆ ಶೀರ್ಷಿಕೆ ಮತ್ತು ಕೊಂಡಿಗಳ ಪಟ್ಟಿ ಸಿಗುತ್ತದೆ. ಎನ್‌ವಿಡಿಎ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಬ್ರೌಸ್ ಮೋಡ್‌ಗೆ ಹೋದರೆ ಎಚ್ ಒಂದರಿಂದಲೇ ಮುಂದಿನ ಶೀರ್ಷಿಕೆಗೆ, ಟಿ ಒಂದರಿಂದ ಮುಂದಿನ ಕೋಷ್ಟಕಕ್ಕೆ ಹಾರಬಹುದು. 2010ರ ಆವೃತ್ತಿಯಲ್ಲಿ ಬಂದ ಸುಲಭಲಭ್ಯತೆಯ ತಪಾಸಕವು ವಿವರಣೆ ಇಲ್ಲದ ಚಿತ್ರ, ತಲೆಸಾಲಿಲ್ಲದ ಕೋಷ್ಟಕ ಮುಂತಾದ ಲೋಪಗಳನ್ನು ಎತ್ತಿ ತೋರಿಸುತ್ತದೆ. ವರ್ಡ್‌ನ ಮುಖ್ಯ ತೊಡಕು ಹಣ. ಕಚೇರಿ, ವಿಶ್ವವಿದ್ಯಾಲಯಗಳಲ್ಲಿ ವರ್ಡ್ ಕಡತವೇ ವ್ಯವಹಾರದ ರೂಪವಾಗಿರುವುದರಿಂದ ಉದ್ಯೋಗ ಬಯಸುವವರು ಇದನ್ನು ಕಲಿಯದೆ ವಿಧಿಯಿಲ್ಲ.

ಲಿಬ್ರೆ ಆಫೀಸ್ ರೈಟರ್: 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ಉಚಿತ ತಂತ್ರಾಂಶ. ವಿಂಡೋಸ್‌ನಲ್ಲಿ ಬಹುಕಾಲ ಇದು ಜಾವಾ ಸೇತುವೆಯ ಮೂಲಕ ಮಾತಾಡಬೇಕಿದ್ದು, ನಿಧಾನವೂ ಅಸ್ಥಿರವೂ ಆಗಿತ್ತು. 2014ರಿಂದ ಐಎಕ್ಸೆಸಿಬಲ್2 ಎಂಬ ನೇರ ಏರ್ಪಾಡು ಬಂದು ಪರಿಸ್ಥಿತಿ ಸುಧಾರಿಸಿತು. ಲಿನಕ್ಸ್‌ನಲ್ಲಿ ಓರ್ಕಾ ಸ್ಕ್ರೀನ್ ರೀಡರ್ ಜೊತೆ ಇದೇ ಮುಖ್ಯ ಆಯ್ಕೆ. 2020ರ 7.0 ಆವೃತ್ತಿಯಿಂದ ಸುಲಭಲಭ್ಯ ಪಿಡಿಎಫ್ ಹೊರತೆಗೆಯುವ ಸೌಲಭ್ಯವೂ ಸೇರಿದೆ. ಪತ್ರ, ಲೇಖನ, ಸಾಧಾರಣ ಪುಸ್ತಕಕ್ಕೆ ಇದು ಸಾಕು. ತಿದ್ದುಪಡಿ ಮತ್ತು ಟಿಪ್ಪಣಿಗಳು ತುಂಬಿದ ದಾಖಲೆಗಳಲ್ಲಿ ವರ್ಡ್ ನೀಡುವಷ್ಟು ಸ್ಪಷ್ಟ ವಿವರ ಇದರಲ್ಲಿ ದೊರೆಯುವುದಿಲ್ಲ.

ಗೂಗಲ್ ಡಾಕ್ಸ್: ಬ್ರೌಸರ್‌ನಲ್ಲೇ ನಡೆಯುವ ಉಚಿತ ಸೇವೆ. ಹಲವರು ಕೂಡಿ ಒಂದೇ ಕಡತದಲ್ಲಿ ಕೆಲಸ ಮಾಡುವಾಗ ಉಪಯುಕ್ತ. ಮೊದಲು ಕಂಟ್ರೋಲ್, ಆಲ್ಟ್, ಝಡ್ ಒತ್ತಿ ಸ್ಕ್ರೀನ್ ರೀಡರ್ ಬೆಂಬಲವನ್ನು ಚಾಲೂ ಮಾಡಬೇಕು; ಬ್ರೈಲ್ ಬೆಂಬಲಕ್ಕೆ ಕಂಟ್ರೋಲ್, ಆಲ್ಟ್, ಎಚ್. ಬ್ರೌಸರ್, ಡಾಕ್ಸ್ ಮತ್ತು ಸ್ಕ್ರೀನ್ ರೀಡರ್ ಮೂರರ ಕೀಲಿ ಆದೇಶಗಳೂ ಒಂದರ ಮೇಲೊಂದು ಬೀಳುವುದರಿಂದ ಹೊಸಬರಿಗೆ ಗೊಂದಲವಾಗುತ್ತದೆ. ಅಂತರಜಾಲ ನಿಧಾನವಿರುವ ಊರುಗಳಲ್ಲಿ ಟೈಪ್ ಮಾಡಿದ ಅಕ್ಷರ ತಡವಾಗಿ ಕೇಳಿಸುವುದೂ ಉಂಟು.

ಇತರ ಆಯ್ಕೆಗಳು: ಆಪಲ್ ಗಣಕಗಳಲ್ಲಿ 2005ರಿಂದ ವಾಯ್ಸ್‌ಓವರ್ ಅಂತರ್ಗತವಾಗಿದ್ದು, ಪೇಜಸ್ ತಂತ್ರಾಂಶ ಅದರೊಡನೆ ಹೊಂದಿಕೊಂಡು ನಡೆಯುತ್ತದೆ. ವಿನ್ಯಾಸ ಬೇಡದ ಕರಡು ಬರಹಕ್ಕೆ ನೋಟ್‌ಪ್ಯಾಡ್‌ನಂಥ ಸರಳ ಪಠ್ಯ ಸಂಪಾದಕ ಉತ್ತಮ. ಅದರಲ್ಲಿ ಬರಹಗಾರನಿಗೆ ಅಡ್ಡಬರುವ ಪಟ್ಟಿಗಳು ಕಡಿಮೆ. ಜಮಾಲ್ ಮಜ್ರೂಯಿ ರಚಿಸಿದ ಎಡ್‌ಶಾರ್ಪ್, ಸ್ಕ್ರೀನ್ ರೀಡರ್ ಬಳಸುವವರನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಉಚಿತ ಸಂಪಾದಕ. ಭಾರತ ಮೂಲದ ದೃಷ್ಟಿಹೀನ ಗಣಕ ವಿಜ್ಞಾನಿ ಟಿ. ವಿ. ರಾಮನ್ 1995ರಲ್ಲಿ ಬಿಡುಗಡೆ ಮಾಡಿದ ಈಮ್ಯಾಕ್‌ಸ್ಪೀಕ್, ಸಂಪಾದಕವೇ ಮಾತಾಡುವಂತೆ ಮಾಡಿದ ದಿಟ್ಟ ಪ್ರಯೋಗ. ಸರಳ ಪಠ್ಯದಲ್ಲಿ ಮಾರ್ಕ್‌ಡೌನ್ ಗುರುತುಗಳೊಂದಿಗೆ ಬರೆದು, ಪ್ಯಾನ್‌ಡಾಕ್ ಮೂಲಕ ವರ್ಡ್ ಕಡತ ಅಥವಾ ಇ-ಪಬ್ ಎಂಬ ಇ-ಪುಸ್ತಕ ಕಡತವಾಗಿ ಬದಲಿಸುವ ವಿಧಾನವನ್ನೂ ತಂತ್ರಜ್ಞಾನ ಬಲ್ಲ ಕೆಲವರು ಅನುಸರಿಸುತ್ತಾರೆ.

ಕನ್ನಡದಲ್ಲಿ ಬರೆಯುವವರ ಅಗತ್ಯಗಳು

ಕನ್ನಡದ ಬರಹಗಾರರಿಗೆ ಮೊದಲ ಷರತ್ತು, ಲಿಪಿಯ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್. ಹಳೆಯ ‘ನುಡಿ’, ‘ಬರಹ’ ಮುಂತಾದ ಕನ್ನಡ ತಂತ್ರಾಂಶಗಳ ಆಸ್ಕಿ ಅಕ್ಷರಶೈಲಿಯಲ್ಲಿ ಟೈಪಿಸಿದ ಕಡತ ಕಣ್ಣಿಗೆ ಮಾತ್ರ ಕನ್ನಡ. ನುಡಿಯ ಆಸ್ಕಿ ಶೈಲಿಯಲ್ಲಿ ‘ಕನ್ನಡ’ ಎಂದು ಕಾಣುವ ಪದದೊಳಗೆ ಇರುವುದು ರೋಮನ್ ಲಿಪಿಯ ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ, ಸಣ್ಣ ಕ್ಯೂ ಇಂಥವು. ಸ್ಕ್ರೀನ್ ರೀಡರ್ ಅವನ್ನೇ ಓದುತ್ತದೆ, ಕೇಳುವವರಿಗೆ ಅರ್ಥವಿಲ್ಲದ ಸದ್ದು ಸಿಗುತ್ತದೆ. ಹೀಗೆ ಸಿದ್ಧವಾದ ಸುತ್ತೋಲೆ, ಪಠ್ಯ, ಪತ್ರಿಕೆ ಎಷ್ಟೇ ಒಳ್ಳೆಯ ತಂತ್ರಾಂಶದಲ್ಲಿ ತೆರೆದರೂ ದೃಷ್ಟಿಹೀನರಿಗೆ ಮುಚ್ಚಿದ ಪುಸ್ತಕವೇ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಒತ್ತಕ್ಷರ ಮತ್ತು ನಡುವೆ ಬರುವ ಇಂಗ್ಲಿಷ್ ಪದಗಳಲ್ಲಿ ತಪ್ಪು ನುಸುಳುವುದರಿಂದ ಪರಿವರ್ತಿಸಿದ ಪಠ್ಯವನ್ನು ಮತ್ತೊಮ್ಮೆ ಆಲಿಸಲೇಬೇಕು.

ಎರಡನೆಯದು ಅಕ್ಷರದ ಒಳರಚನೆ. ‘ಕ್ಷಿ’ ಕಣ್ಣಿಗೆ ಒಂದೇ ಅಕ್ಷರ; ಗಣಕಕ್ಕೆ ಅದು ಕ, ವಿರಾಮ, ಷ, ಗುಡಿಸು ಎಂಬ ನಾಲ್ಕು ಸಂಕೇತ. ವಿಂಡೋಸ್‌ನಲ್ಲಿ ಬಾಣದ ಕೀಲಿ ಸಾಮಾನ್ಯವಾಗಿ ಇಡೀ ಅಕ್ಷರವನ್ನು ದಾಟುತ್ತದೆ, ಬ್ಯಾಕ್‌ಸ್ಪೇಸ್ ಒಂದೊಂದೇ ಸಂಕೇತವನ್ನು ಅಳಿಸುತ್ತದೆ. ಈ ವ್ಯತ್ಯಾಸ ತಿಳಿಯದವರು ಒತ್ತು ತಿದ್ದಲು ಹೋಗಿ ಪದವನ್ನೇ ಕೆಡಿಸುವುದುಂಟು. ಎನ್‌ವಿಡಿಎಯಲ್ಲಿ ಸಂಖ್ಯಾಫಲಕದ 2ನ್ನು ಮೂರು ಬಾರಿ ಒತ್ತಿದರೆ ಅಕ್ಷರದ ಸಂಕೇತಸಂಖ್ಯೆ ಕೇಳಿಸುತ್ತದೆ; ಸೊನ್ನೆಯ ಅಂಕಿಗೂ ಅನುಸ್ವಾರಕ್ಕೂ ಗೊಂದಲವಾದಾಗ ಇದು ದೊಡ್ಡ ನೆರವು.

ಮೂರನೆಯದು ಕೀಲಿವಿನ್ಯಾಸ ಮತ್ತು ಧ್ವನಿ. ಇನ್‌ಸ್ಕ್ರಿಪ್ಟ್ ಅಥವಾ ಕೆ. ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ಒತ್ತಿದ ಕೀಲಿಗೆ ಸಿಗುವ ಅಕ್ಷರ ಖಚಿತ. ಪದಗಳ ಸಲಹಾಪಟ್ಟಿ ತೋರಿಸಿ ಆರಿಸಿಕೊಳ್ಳಿ ಎನ್ನುವ ಲಿಪ್ಯಂತರ ಸಾಧನಗಳಲ್ಲಿ ಪ್ರತಿ ಪದಕ್ಕೂ ಪಟ್ಟಿಯನ್ನು ಆಲಿಸಬೇಕಾಗಿ ವೇಗ ಕುಗ್ಗುತ್ತದೆ. ಎನ್‌ವಿಡಿಎಯೊಂದಿಗೇ ಬರುವ ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನು ಓದುತ್ತದೆ. ಯಾಂತ್ರಿಕವೆನಿಸಿದರೂ ವೇಗವಾಗಿ ಓದಿಸಿದಾಗಲೂ ಅದರ ಅಕ್ಷರಗಳು ಸ್ಪಷ್ಟ. ಕನ್ನಡ, ಇಂಗ್ಲಿಷ್ ಬೆರೆತ ದಾಖಲೆಯಲ್ಲಿ ಧ್ವನಿ ತಾನಾಗಿ ಬದಲಾಗಬೇಕಾದರೆ ಆಯಾ ಭಾಗದ ಭಾಷೆಯನ್ನು ವರ್ಡ್ ಅಥವಾ ರೈಟರ್‌ನಲ್ಲಿ ಗುರುತಿಸಿಟ್ಟಿರಬೇಕು. ಕಾಗುಣಿತ ತಪಾಸಕದ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಸಂಧಿ, ವಿಭಕ್ತಿಗಳಿಂದ ಪದ ಬೆಳೆಯುವ ಕನ್ನಡದಲ್ಲಿ ಸರಿಯಾದ ಪದಗಳಿಗೂ ಅದು ಕೆಂಪುಗೆರೆ ಎಳೆಯುತ್ತದೆ.

ಬ್ರೈಲ್ ಮತ್ತು ಇ-ಪುಸ್ತಕ

ಕಿವಿಯಿಂದ ತಪ್ಪಿಸಿಕೊಳ್ಳುವ ದೋಷಗಳನ್ನು ಬೆರಳು ಹಿಡಿಯುತ್ತದೆ. ಅಲ್ಪವಿರಾಮ ಬಿಟ್ಟುಹೋದದ್ದು, ಹ್ರಸ್ವ ದೀರ್ಘವಾದದ್ದು ಬ್ರೈಲ್ ಫಲಕದಲ್ಲಿ ಕೂಡಲೇ ತಿಳಿಯುತ್ತದೆ. ಎನ್‌ವಿಡಿಎ ಬಳಸುವ ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶದಲ್ಲಿ ಭಾರತಿ ಬ್ರೈಲ್ ಪದ್ಧತಿಯ ಕನ್ನಡ ಕೋಷ್ಟಕವಿದೆ. ಬ್ರೈಲ್ ಮುದ್ರಣಕ್ಕೆ ಡಕ್ಸ್‌ಬರಿಯಂಥ ಅನುವಾದಕಗಳು ವರ್ಡ್ ಕಡತವನ್ನೇ ಸ್ವೀಕರಿಸುತ್ತವೆ. ಶೀರ್ಷಿಕೆಗಳನ್ನು ಬರೀ ದಪ್ಪಕ್ಷರದಿಂದ ತೋರಿಸದೆ ಶೈಲಿಗಳ ಮೂಲಕ ಗುರುತಿಸಿದ್ದರೆ ಆ ರಚನೆ ಬ್ರೈಲ್‌ಗೂ ಇ-ಪಬ್‌ಗೂ ಹಾಗೆಯೇ ದಾಟುತ್ತದೆ. ಡೈಸಿ ಒಕ್ಕೂಟವು ವರ್ಡ್ ಕಡತವನ್ನು ಇ-ಪಬ್ ಮಾಡುವ ಉಚಿತ ಸಾಧನವನ್ನು ಒದಗಿಸುತ್ತದೆ.

ತರಬೇತಿ ಮತ್ತು ಹಕ್ಕು

ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ಎನೇಬಲ್ ಇಂಡಿಯಾ ಮುಂತಾದ ಸಂಸ್ಥೆಗಳು ದೃಷ್ಟಿಹೀನರಿಗೆ ಗಣಕ ತರಬೇತಿ ನೀಡುತ್ತ ಬಂದಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿಯ ಸುಲಭಲಭ್ಯತೆಯನ್ನು ಸರ್ಕಾರದ ಹೊಣೆಯಾಗಿಸಿದೆ. ಲಿಖಿತ ಪರೀಕ್ಷೆಗಳ ಕುರಿತು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ, ಬ್ರೈಲ್, ಗಣಕ, ದೊಡ್ಡಕ್ಷರಗಳಲ್ಲಿ ತನಗೆ ಹೊಂದುವ ವಿಧಾನವನ್ನು ಅಭ್ಯರ್ಥಿಯೇ ಆರಿಸಿಕೊಳ್ಳಲು ಅವಕಾಶವಿರಬೇಕೆಂದೂ ಗಣಕವನ್ನು ಹಿಂದಿನ ದಿನವೇ ಪರೀಕ್ಷಿಸಿ ನೋಡಲು ಬಿಡಬೇಕೆಂದೂ ಹೇಳಿತು. ಈ ಅವಕಾಶ ಬಳಸುವವರು ಪರೀಕ್ಷಾ ಕೇಂದ್ರದಲ್ಲಿ ಸಿಗುವ ತಂತ್ರಾಂಶದಲ್ಲೇ ಮುಂಚಿತವಾಗಿ ಕೈ ಪಳಗಿಸಿಕೊಳ್ಳುವುದು ಒಳಿತು.

ಆರಿಸುವ ಮುನ್ನ

ತಂತ್ರಾಂಶವನ್ನು ಕೊಳ್ಳುವ ಅಥವಾ ನೆಚ್ಚಿಕೊಳ್ಳುವ ಮೊದಲು ಒಂದು ಸಣ್ಣ ದಾಖಲೆಯನ್ನು ಆದಿಯಿಂದ ಅಂತ್ಯದವರೆಗೆ ಅದರಲ್ಲೇ ಮಾಡಿ ನೋಡಬೇಕು. ಎರಡು ಮಟ್ಟದ ಶೀರ್ಷಿಕೆ, ಒಂದು ಕೋಷ್ಟಕ, ಒಂದು ಅಡಿಟಿಪ್ಪಣಿ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಒಂದು ಪರಿಚ್ಛೇದ ಸೇರಿಸಿ, ಕಾಗುಣಿತ ನೋಡಿ, ಟಿಪ್ಪಣಿ ಬರೆದು, ಉಳಿಸಿ, ಪಿಡಿಎಫ್ ಮಾಡಿ, ಮತ್ತೆ ತೆರೆದು ಆಲಿಸಬೇಕು. ಯಾವ ಹೆಜ್ಜೆಯಲ್ಲೂ ಕಣ್ಣುಳ್ಳವರ ನೆರವು ಬೇಕಾಗದಿದ್ದರೆ ಆ ಜೋಡಿ ಸರಿಯಾದದ್ದು. ಜಾಸ್ ಪರವಾನಗಿ ಇಲ್ಲದೆಯೂ ಒಮ್ಮೆಗೆ 40 ನಿಮಿಷ ನಡೆಯುತ್ತದೆ. ಎನ್‌ವಿಡಿಎ ಮತ್ತು ರೈಟರ್ ಉಚಿತ. ಹಾಗಾಗಿ ಹೋಲಿಸಿ ನೋಡಲು ಖರ್ಚಿಲ್ಲ. ವಿದ್ಯಾರ್ಥಿಗೆ, ಹವ್ಯಾಸಿ ಬರಹಗಾರನಿಗೆ ಎನ್‌ವಿಡಿಎ ಮತ್ತು ಲಿಬ್ರೆ ಆಫೀಸ್ ಒಳ್ಳೆಯ ಆರಂಭ. ಕಚೇರಿ, ಸಂಶೋಧನೆ, ಪ್ರಕಾಶನದ ಕೆಲಸಕ್ಕೆ ವರ್ಡ್ ಈಗಲೂ ಹೆಚ್ಚು ಭರವಸೆಯ ಸಾಧನ. ಕನ್ನಡದಲ್ಲಿ ಕಡತ ಸಿದ್ಧಪಡಿಸುವ ಪ್ರತಿಯೊಬ್ಬರೂ, ಕಣ್ಣುಳ್ಳವರೂ ಸೇರಿ, ಅದನ್ನು ಯೂನಿಕೋಡ್‌ನಲ್ಲೇ ಸಿದ್ಧಪಡಿಸಬೇಕು. ಅದೊಂದು ಪಾಲನೆಯಾಗದಿದ್ದರೆ ಮೇಲಿನ ಯಾವ ಆಯ್ಕೆಯೂ ದೃಷ್ಟಿಹೀನ ಕನ್ನಡಿಗರಿಗೆ ಪೂರ್ತಿ ಫಲ ಕೊಡಲಾರದು.