ಸಿಡ್ನಿ–ಲಂಡನ್ ವಿಮಾನಯಾನದ ಇತಿಹಾಸ

ಸಿಡ್ನಿ ಮತ್ತು ಲಂಡನ್ ನಡುವಿನ ಅತಿ ನೇರವಾದ ವಾಯುಮಾರ್ಗದ ಉದ್ದ ಸುಮಾರು 17,000 ಕಿ.ಮೀ. ಆಸ್ಟ್ರೇಲಿಯದ ವಿಮಾನಯಾನ ಸಂಸ್ಥೆ ಕ್ವಾಂಟಾಸ್, ನಡುನಡುವೆ ಇಳಿಯುತ್ತ ಸಾಗುವ ತನ್ನ ದಾರಿಯನ್ನು 'ಕಾಂಗರೂ ಮಾರ್ಗ' ಎಂದು ಕರೆಯಿತು. ವಿಮಾನಗಳ ವೇಗ ಹೆಚ್ಚಿದ್ದು ನಿಜವಾದರೂ ಈ ಪ್ರಯಾಣದ ಅವಧಿ ತಗ್ಗಲು ಮುಖ್ಯ ಕಾರಣ ನಡುವಿನ ನಿಲುಗಡೆಗಳು ಒಂದೊಂದಾಗಿ ಇಲ್ಲವಾದದ್ದು.

1919ರ ನವೆಂಬರ್ 12ರಂದು ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸಹೋದರರು ಇಬ್ಬರು ಮೆಕ್ಯಾನಿಕ್‌ಗಳೊಂದಿಗೆ ವಿಕರ್ಸ್ ವಿಮಿ ವಿಮಾನದಲ್ಲಿ ಲಂಡನ್ ಸಮೀಪದ ಹೌನ್ಸ್ಲೋ ಬಿಟ್ಟು ಡಿಸೆಂಬರ್ 10ರಂದು ಡಾರ್ವಿನ್ ತಲುಪಿದರು. ಅಷ್ಟು ದಿನಗಳಲ್ಲಿ ಅವರು ಹಾರಿದ್ದು ಸುಮಾರು 135 ಗಂಟೆ ಮಾತ್ರ. ಮಿಕ್ಕ ಹೊತ್ತೆಲ್ಲ ನೆಲದ ಮೇಲೆಯೇ ಕಳೆಯಿತು. ಜಾವಾದ ಸುರಬಾಯದಲ್ಲಿ ಚಕ್ರಗಳು ಕೆಸರಿನಲ್ಲಿ ಹೂತಾಗ ಊರಿನವರು ತಂದುಕೊಟ್ಟ ಬಿದಿರಿನ ಚಾಪೆಗಳನ್ನು ಹಾಸಿ, ಅವುಗಳ ಮೇಲಿಂದಲೇ ವಿಮಾನವನ್ನು ಮೇಲಕ್ಕೇರಿಸಿದರು.

1935ರಲ್ಲಿ ಪ್ರಯಾಣಿಕರ ಸೇವೆ ಆರಂಭವಾದಾಗ ಬ್ರಿಸ್ಬೇನ್‌ನಿಂದ ಲಂಡನ್‌ಗೆ ಹನ್ನೆರಡೂವರೆ ದಿನ ಬೇಕಿತ್ತು. ಯೂರೋಪಿನ ಒಂದಷ್ಟು ದಾರಿಯನ್ನು ರೈಲಿನಲ್ಲೇ ಸಾಗಬೇಕಿತ್ತು. 1938ರಲ್ಲಿ ನೀರಿನ ಮೇಲಿಳಿಯುವ ವಿಮಾನಗಳು ಬಂದವು. ಭಾರತದಲ್ಲಿ ಅವು ರಾಜಸ್ಥಾನದ ರಾಜಸಮಂದ್ ಕೆರೆಯಲ್ಲೂ ಇಳಿಯುತ್ತಿದ್ದವು.

1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನೀಯರ ವಶವಾಗಿ ಈ ಮಾರ್ಗ ತುಂಡಾಯಿತು. ಅದನ್ನು ಮತ್ತೆ ಜೋಡಿಸಿದ ಕೆಲಸ ಈ ಇತಿಹಾಸದ ಅತ್ಯಂತ ಧೈರ್ಯದ ಅಧ್ಯಾಯವೆನ್ನಬೇಕು. 1943ರಿಂದ ಕ್ಯಾಟಲಿನಾ ವಿಮಾನಗಳು ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ, ಎಲ್ಲೂ ಇಳಿಯದೆ ಸುಮಾರು 5,600 ಕಿ.ಮೀ. ಹಾರತೊಡಗಿದವು. ಒಡಲ ತುಂಬ ಇಂಧನವಿದ್ದುದರಿಂದ ಮೂವರು ಪ್ರಯಾಣಿಕರು ಮತ್ತು ಒಂದಿಷ್ಟು ಟಪಾಲಿಗಷ್ಟೇ ಜಾಗ. ಶತ್ರುಗಳಿಗೆ ಸುಳಿವು ಸಿಗದಂತೆ ರೇಡಿಯೋ ಮೌನ ಪಾಲಿಸುತ್ತಿದ್ದರಿಂದ ರಾತ್ರಿ ನಕ್ಷತ್ರಗಳನ್ನು ಅಳೆದೇ ದಿಕ್ಕು ನಿರ್ಧರಿಸಬೇಕಿತ್ತು. ವಿಮಾನಗಳಿಗೆ ವೇಗಾ, ರೈಗೆಲ್, ಸ್ಪೈಕಾ ಮುಂತಾದ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು. ಪ್ರಯಾಣ 27ರಿಂದ 33 ಗಂಟೆ ಹಿಡಿಯುತ್ತಿತ್ತು. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದ ಕಾರಣ ಇದು 'ಡಬಲ್ ಸನ್‌ರೈಸ್' ಎಂದು ಹೆಸರಾಯಿತು. ಈ ವಿಮಾನಗಳಲ್ಲಿ ಒಂದೂ ಅಪಘಾತಕ್ಕೆ ಸಿಲುಕಲಿಲ್ಲ.

1947ರ ಡಿಸೆಂಬರ್ 1ರಂದು ಸಿಡ್ನಿಯಿಂದ ಹೊರಟ ಕಾನ್‌ಸ್ಟೆಲೇಶನ್ ವಿಮಾನ ಡಾರ್ವಿನ್, ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋ, ಟ್ರಿಪೋಲಿಗಳಲ್ಲಿ ಇಳಿದು ನಾಲ್ಕು ದಿನಗಳಲ್ಲಿ ಲಂಡನ್ ಮುಟ್ಟಿತು. 1959ರಲ್ಲಿ ಜೆಟ್ ವಿಮಾನಗಳು, 1971ರಲ್ಲಿ ಜಂಬೋಗಳು ಬಂದ ಮೇಲೆ ನಿಲುಗಡೆಗಳು ಇನ್ನಷ್ಟು ಕಡಿಮೆಯಾದವು.

1989ರ ಆಗಸ್ಟ್‌ನಲ್ಲಿ ಒಂದು ಬೋಯಿಂಗ್ 747-400 ಲಂಡನ್‌ನಿಂದ ಸಿಡ್ನಿಗೆ ಎಲ್ಲೂ ಇಳಿಯದೆ 20 ಗಂಟೆ 9 ನಿಮಿಷಗಳಲ್ಲಿ ಬಂದಿಳಿಯಿತು. ಹೆಚ್ಚು ಸಾಂದ್ರತೆಯ ಇಂಧನ ತುಂಬಿ, ಅದನ್ನು ಉಳಿಸಲು ವಿಮಾನವನ್ನು ರನ್‌ವೇವರೆಗೆ ಎಳೆದೊಯ್ದಿದ್ದರು. ಮಾಮೂಲಿ ಪ್ರಯಾಣಿಕರ ಹೊರೆಯಿಲ್ಲದ ಹಾರಾಟವಾದ್ದರಿಂದ ಅದು ಸೇವೆಯಾಗಿ ಮುಂದುವರಿಯಲಿಲ್ಲ. 2019ರ ನವೆಂಬರ್‌ನಲ್ಲಿ ಬೋಯಿಂಗ್ 787-9 ಇದೇ ದಾರಿಯನ್ನು 19 ಗಂಟೆ 19 ನಿಮಿಷಗಳಲ್ಲಿ ಕ್ರಮಿಸಿದಾಗಲೂ ಅದು ಸಂಶೋಧನೆಗಾಗಿ ನಡೆಸಿದ ಹಾರಾಟವಾಗಿತ್ತು. ಎರಡೂ ಪೂರ್ವಾಭಿಮುಖ ಹಾರಾಟಗಳೆಂಬುದು ಗಮನಾರ್ಹ: ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಹಿಂದಿರುಗುವಾಗ ಅದೇ ಗಾಳಿ ಎದುರಾಗಿ ಹೊತ್ತು ಹೆಚ್ಚುತ್ತದೆ.

ಆಸ್ಟ್ರೇಲಿಯದಿಂದ ಲಂಡನ್‌ಗೆ ಮೊದಲ ನೇರ ಪ್ರಯಾಣಿಕ ಸೇವೆ 2018ರ ಮಾರ್ಚ್‌ನಲ್ಲಿ, ದೂರ ಕಡಿಮೆಯಿರುವ ಪರ್ತ್‌ನಿಂದ ಶುರುವಾಯಿತು: 14,498 ಕಿ.ಮೀ., ಸುಮಾರು 17 ಗಂಟೆ. ಸಿಡ್ನಿಯಿಂದ ನೇರ ಸೇವೆಗಾಗಿ ಕ್ವಾಂಟಾಸ್ 2022ರಲ್ಲಿ ಹೆಚ್ಚುವರಿ ಇಂಧನ ಟ್ಯಾಂಕ್ ಇರುವ ಹನ್ನೆರಡು ಏರ್‌ಬಸ್ ಎ350-1000 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಕ್ಯಾಟಲಿನಾಗಳ ಸ್ಮರಣೆಯಲ್ಲಿ ಈ ಯೋಜನೆಗೆ 'ಪ್ರಾಜೆಕ್ಟ್ ಸನ್‌ರೈಸ್' ಎಂದು ಹೆಸರಿಡಲಾಗಿದೆ.