ಕರಾವಳಿ ರೆಡ್‌ವುಡ್

ಇಂದು ಭೂಮಿಯ ಮೇಲಿರುವ ಮರಗಳಲ್ಲೆಲ್ಲ ಅತ್ಯಂತ ಎತ್ತರಕ್ಕೆ ಬೆಳೆಯುವ ನಿತ್ಯಹಸಿರು ಶಂಕುಧಾರಿ ವೃಕ್ಷ. ಸೈಪ್ರೆಸ್ ಕುಟುಂಬಕ್ಕೆ ಸೇರಿದೆ. ಸಸ್ಯವಿಜ್ಞಾನದಲ್ಲಿ ಇದರ ಹೆಸರು ಸೆಕ್ವೋಯ ಸೆಂಪರ್‌ವೈರೆನ್ಸ್. ತಿರುಳಿನ ಕೆಂಪು ಬಣ್ಣದಿಂದ ರೆಡ್‌ವುಡ್ ಎಂಬ ಹೆಸರು ಬಂದಿದೆ. ಅಮೆರಿಕದ ಆರೆಗಾನ್ ರಾಜ್ಯದ ನೈಋತ್ಯ ಮೂಲೆಯಿಂದ ಕ್ಯಾಲಿಫೋರ್ನಿಯದ ಬಿಗ್ ಸರ್‌ವರೆಗೆ, ಪೆಸಿಫಿಕ್ ತೀರದುದ್ದಕ್ಕೂ ಹಬ್ಬಿದ ಸುಮಾರು 750 ಕಿ.ಮೀ. ಉದ್ದದ ಕಿರಿದಾದ ಪಟ್ಟಿ ಇದರ ಸಹಜ ನೆಲೆ. ಸಿಯೆರಾ ನೆವಾಡ ಪರ್ವತಗಳ ಜಯಂಟ್ ಸೆಕ್ವೋಯ ಇದರ ಹತ್ತಿರದ ಬಂಧುವಾದರೂ ಬೇರೆಯೇ ಮರ: ಅದು ಕಾಂಡದ ಗಾತ್ರದಲ್ಲಿ ದೊಡ್ಡದು, ಇದು ಎತ್ತರದಲ್ಲಿ.

ಈ ಮರದ ಬದುಕು ಮಂಜನ್ನು ನೆಚ್ಚಿಕೊಂಡಿದೆ. ನಮ್ಮಲ್ಲಿ ಮಳೆ ಸುರಿಯುವ ಜೂನ್‌-ಸೆಪ್ಟೆಂಬರ್ ತಿಂಗಳುಗಳು ಅಲ್ಲಿ ಹನಿ ಮಳೆಯೂ ಅಪರೂಪವಾದ ಬೇಸಿಗೆ. ಆಗ ತಣ್ಣನೆಯ ಕಡಲಿನಿಂದ ಮಂಜು ಒಳನಾಡಿನತ್ತ ಸರಿಯುತ್ತದೆ. ಎಲೆಗಳಿಗೆ ತಗುಲಿ ನೀರಾದ ಮಂಜು ತೊಟ್ಟಿಕ್ಕಿ ಬುಡ ನೆನೆಸುತ್ತದೆ. ಎಲೆಗಳೂ ಸ್ವಲ್ಪ ನೀರನ್ನು ನೇರವಾಗಿ ಹೀರಿಕೊಳ್ಳುತ್ತವೆ. ನೂರು ಮೀಟರ್ ಮೇಲಿನ ತುದಿಗೆ ಬೇರಿನಿಂದ ನೀರೆಳೆಯುವುದು ಸುಲಭವಲ್ಲ. ಅದಕ್ಕೇ ಕೆಳಗಿನ ಕೊಂಬೆಗಳಲ್ಲಿ ಚಪ್ಪಟೆ ಸೂಜಿಯಂತಿರುವ ಎಲೆ, ತುದಿಯಲ್ಲಿ ಚಿಕ್ಕ ಹುರುಪೆಯಂತೆ ಮುದುಡಿರುತ್ತದೆ. 2004ರ ಒಂದು ಅಧ್ಯಯನ ಈ ಮರದ ಎತ್ತರದ ಮಿತಿಯನ್ನು 122ರಿಂದ 130 ಮೀಟರ್ ಎಂದು ಅಂದಾಜು ಮಾಡಿತು.

ಕಾಯಿ ಒಂದು ಅಂಗುಲದಷ್ಟು. ಬೀಜ ಟೊಮೇಟೊ ಬೀಜದಷ್ಟು. ಬೀಜದಿಂದ ಮೊಳೆಯುವುದಕ್ಕಿಂತ ಬುಡದಿಂದ ಚಿಗುರುವುದರಲ್ಲೇ ರೆಡ್‌ವುಡ್‌ನ ನಿಜವಾದ ಶಕ್ತಿಯಿದೆ. ಶಂಕುಧಾರಿಗಳಲ್ಲಿ ಈ ಗುಣ ವಿರಳ. ಬಾಳೆಯ ಬುಡದಲ್ಲಿ ಕಂದು ಏಳುವಂತೆ, ಬಿದ್ದ ಅಥವಾ ಕಡಿದ ಮರದ ಬುಡದ ಗಂಟುಗಳಿಂದ ಹೊಸ ಚಿಗುರುಗಳು ಏಳುತ್ತವೆ. ನಡುವಿನ ತಾಯಿಮರ ಕೊಳೆತು ಮಣ್ಣಾದ ಮೇಲೂ ಮಕ್ಕಳು ಬಳೆಯಾಕಾರದಲ್ಲಿ ನಿಂತಿರುತ್ತವೆ. ಬೇರು ಹೆಚ್ಚು ಆಳಕ್ಕಿಳಿಯದೆ ಅಗಲಕ್ಕೆ ಹರಡಿ, ನೆರೆಮರಗಳ ಬೇರುಗಳೊಡನೆ ಹೆಣೆದುಕೊಳ್ಳುತ್ತದೆ. ತೊಗಟೆ 30 ಸೆಂ.ಮೀ.ವರೆಗೂ ದಪ್ಪವಾಗಬಲ್ಲದು; ಅದರಲ್ಲಿ ಟ್ಯಾನಿನ್ ಹೆಚ್ಚು, ರಾಳವಿಲ್ಲ. ಹೀಗಾಗಿ ಬೆಂಕಿ, ಹುಳುಗಳಿಗೆ ಬೇಗ ಬಗ್ಗದು. 2020ರ ಆಗಸ್ಟ್‌ನ ಕಾಡ್ಗಿಚ್ಚಿನಲ್ಲಿ ಕ್ಯಾಲಿಫೋರ್ನಿಯದ ಬಿಗ್ ಬೇಸಿನ್ ಉದ್ಯಾನದ ಮರಗಳು ಕಪ್ಪು ಕಂಬಗಳಾಗಿದ್ದವು. ಕೆಲವೇ ತಿಂಗಳಲ್ಲಿ ಆ ಕಾಂಡಗಳ ಮೇಲೆಯೇ ಹಸಿರೊಡೆಯಿತು.

ಎರಡು ಸಾವಿರ ವರ್ಷ ದಾಟಿದ ಮರಗಳಿವೆ. ಕೊಡಲಿಯೆದುರು ಮಾತ್ರ ಈ ಆಯುಷ್ಯ ನಡೆಯಲಿಲ್ಲ. ಕ್ಯಾಲಿಫೋರ್ನಿಯದಲ್ಲಿ 1849ರ ಚಿನ್ನದ ಬೇಟೆಯ ಬೆನ್ನಿಗೇ ಶುರುವಾದ ಕಡಿತದಿಂದ ಹಳೆಯ ಕಾಡಿನಲ್ಲಿ ಉಳಿದಿರುವುದು ಶೇ. 5ರಷ್ಟು. 1968ರಲ್ಲಿ ಸ್ಥಾಪನೆಯಾದ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ 1980ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2006ರಲ್ಲಿ ಪತ್ತೆಯಾದ, ಸುಮಾರು 116 ಮೀಟರ್ ಎತ್ತರದ ಹೈಪೀರಿಯನ್ ಎಂಬ ರೆಡ್‌ವುಡ್ ಮರ ಇರುವುದು ಅಲ್ಲಿಯೇ. ನೋಡಬಂದವರ ತುಳಿತದಿಂದ ಬುಡದ ಗಿಡಗಳೆಲ್ಲ ಹಾಳಾದ್ದರಿಂದ, 2022ರಲ್ಲಿ ಆ ಮರದ ಬಳಿಗೆ ಜನ ಹೋಗುವುದನ್ನು ಉದ್ಯಾನದ ಆಡಳಿತ ನಿಷೇಧಿಸಿತು.